ಮುಟ್ಟದೆ ಅಳೆಯುವ ಯರ್ರಪ್ಪ

ಮೂಡಣ ಇನ್ನೂ ಕೆಂಪೇರಿಲ್ಲ. ದನ ಮೇಯುವ ಬಯಲು ವರವು ಕಾವಲಿನ ಅಂಚಿನ ಕೇರಿಯಲ್ಲಿ ಮೆಟ್ಟು ಹೊಲಿಯುವ ಯರ್ರಪ್ಪ ಗುಡಿಸಲ ಮುಂದೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹರಡುತ್ತಾನೆ. ಹರಡಿ ಹಿಂದೆ ಸರಿಯುತ್ತಾನೆ. ದನಗಾಹಿ ಗಾದ್ರಪ್ಪ ಕುಂಟುತ್ತ ಬಂದು, ಬೂದಿಯ ಮೇಲೆ ಬಲಗಾಲೂರಿ, ಎತ್ತಿಕೊಂಡು ಆಚೆ ಹೋಗಿ ನಿಲ್ಲುತ್ತಾನೆ. ಆಮೇಲಷ್ಟೇ ಯರ್ರಪ್ಪ ಮುಂದೆ ಬಂದು, ಆ ಗುರುತಿನ ಮೇಲೆ ಬಗ್ಗಿ ಕಡ್ಡಿಯಿಂದ ಉದ್ದಗಲ ಅಳೆದುಕೊಳ್ಳುತ್ತಾನೆ.

ಇಲ್ಲಿ ಅಳತೆ ಕೊಡುವ ಪದ್ಧತಿಯೇ ಹೀಗೆ. ಯರ್ರಪ್ಪ ಹೊಲಿದ ಮೆಟ್ಟು ಊರವರ ಕಾಲಿಗೆ ಬೇಕು, ಅವನ ಕೈ ಮಾತ್ರ ಆ ಕಾಲಿಗೆ ತಾಗಕೂಡದು. ತಾಗಿಸಿಕೊಂಡವರನ್ನು ತಲೆಗೆ ನೀರು ಹಾಕಿಕೊಳ್ಳದೆ ಮನೆಯೊಳಗೆ ಬಿಡುವುದಿಲ್ಲ. ಎಂಥ ಕಟ್ಟಳೆಯೋ!

ತಂಗಡಿ ಗಿಡದ ಚಕ್ಕೆ ಹಾಕಿದ ನೀರಲ್ಲಿ ತೊಗಲು ನೆನೆಹಾಕಿ ಹದ ಮಾಡುವುದು ಅವನಿಗೆ ಅಪ್ಪನಿಂದ ಬಂದ ಕೆಲಸ. ಬೆರಳುಗಳು ಕಂದಿವೆ, ನಾತ ಮೈಗೆ ಅಂಟಿಕೊಂಡಿದೆ. ಒಡೆದ ಹಿಮ್ಮಡಿ, ಸೊಟ್ಟ ಬೆರಳು, ಆಣಿ ಬಿದ್ದ ಅಂಗಾಲು, ಏನಿದ್ದರೂ ಬಿ.ಜಿ. ಕೆರೆಯಿಂದ, ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಬೂಟು ಏನಿದ್ದರೂ ಚಳ್ಳಕೆರೆಯಲ್ಲಿ ಕುದುರೆ ಏರುವ ಅಮಲ್ದಾರರಿಗೆ. ನಡೆಯುವವರಿಗೆ ಯರ್ರಪ್ಪನ ಮೆಟ್ಟೇ ಗತಿ.

ಗಾದ್ರಪ್ಪನ ಕಾಲು ಮಾತ್ರ ಅವನ ಲೆಕ್ಕಕ್ಕೆ ಸಿಗುತ್ತಿಲ್ಲ. ನಾರಿನಂಥ ಹುಳು ಹೊರಬೀಳುವ ನಾರುಹುಣ್ಣು ಪಾದದ ಮೇಲ್ಗಡೆ ಒಂದು ಗಂಟು ಬಿಟ್ಟು ಹೋಗಿದೆ. ಬೂದಿಯಲ್ಲಿ ಅಂಗಾಲು ಮೂಡುತ್ತದೆ, ಮೇಲಿನ ಗಂಟು ಎಲ್ಲಿ ಮೂಡೀತು? ಎರಡು ಜೊತೆ ಹೊಲಿದುಕೊಟ್ಟಾಯಿತು. ಎರಡರ ಪಟ್ಟಿಯೂ ಗಂಟಿನ ಮೇಲೇ ಕೂತು ಹಳೆಯ ಹುಣ್ಣನ್ನು ಮತ್ತೆ ಕೆರಳಿಸಿದೆ. ಈ ಸಲವೂ ಮೆಟ್ಟು ಕೂರದಿದ್ದರೆ, ದನಗಳ ಹಿಂದೆ ಕಾವಲು ಸುತ್ತುವ ಅವನ ಕೆಲಸ ಬೇರೆಯವನ ಪಾಲಾಗುತ್ತದೆ.

"ಗಂಟು ಎಲ್ಲೈತೆ ದೊರೆ?"

"ಇಲ್ಲೇ ಕಣಲೇ," ಗಾದ್ರಪ್ಪ ದೂರದಿಂದಲೇ ಬೆರಳು ತೋರಿಸುತ್ತಾನೆ.

"ತಪ್ಪು ತಿಳೀಬ್ಯಾಡ್ರಿ. ಒಂದೇ ಒಂದ್ಸಲ ಮುಟ್ಟಿ ನೋಡ್ಲಾ? ಎಷ್ಟು ಎತ್ತರ ಐತೆ, ಎಲ್ಲಿ ಮೆತ್ತಗೈತೆ ಅಂತ ಗೊತ್ತಾಗ್ತೈತೆ."

ಗಾದ್ರಪ್ಪ ಕಾಲು ಮುಂದೆ ಚಾಚುತ್ತಾನೆ. ಅಷ್ಟರಲ್ಲಿ ಬಾವಿಯ ದಾರಿಯಿಂದ ಊರ ಹೆಂಗಸರ ಮಾತು ಕೇಳಿಸುತ್ತದೆ. ಚಾಚಿದ ಕಾಲು ಹಿಂದಕ್ಕೆ ಹೋಗುತ್ತದೆ.

"ಬ್ಯಾಡಲೇ ಯರ್ರ. ಅಂದಾಜಿಗೆ ಹೊಲಿ."

ಅಂದಾಜಿಗೇ ಹೊಲಿಯುತ್ತಾನೆ. ಪಟ್ಟಿಯನ್ನು ಇನ್ನಷ್ಟು ಹಿಂದಕ್ಕೆ ತಂದು, ಒಳಮೈಗೆ ಮೆತ್ತನೆಯ ಕುರಿತೊಗಲು ಕೊಡುತ್ತಾನೆ. ಮೆಟ್ಟಿಕೊಂಡು ಹೋದ ಗಾದ್ರಪ್ಪ ಮತ್ತೆ ಈ ಕಡೆ ಬರುವುದಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ದನಗಳು ಕೇರಿಯ ಪಕ್ಕ ಹಾದುಹೋಗುತ್ತವೆ. ಹಿಂದೆ ಬರುತ್ತಿರುವವನು ಯಾರೋ ಹೊಸಬ. ಗಾದ್ರಪ್ಪ ಎಲ್ಲಿ ಎಂದು ಕೇಳಿದರೆ, "ಕಾಲು ಕೀವಾಗಿ ಮಲಗವ್ನೆ, ಇನ್ನು ನಾನೇ ಬರೋದು" ಎನ್ನುತ್ತಾನೆ.

ಯರ್ರಪ್ಪ ಉಳಿ ಕೆಳಗಿಡುತ್ತಾನೆ. ಹೆಂಡತಿ ಹುಚ್ಚಕ್ಕ ಅಂಬಲಿ ತಂದಿಟ್ಟು, "ನಿನ್ ತಪ್ಪೇನೈತೆ, ಕುಡಿ" ಎಂದರೂ ಅವನು ಅದನ್ನು ಪಕ್ಕಕ್ಕೆ ಸರಿಸುತ್ತಾನೆ.

"ಸತ್ತ ದನದ ತೊಗಲು ನನ್ ಕೈಯಾಗೆ ಹದ ಆಗಿ ಅವ್ರ ಕಾಲಿಗೆ ಹೋಗ್ತೈತೆ, ಅದಕ್ಕೆ ಮೈಲಿಗೆ ಇಲ್ಲ. ನಾನು ಸಾಯೋದ್ರೊಳಗೆ ಯಾರಾದ್ರೂ ಒಬ್ರು ಕಾಲು ನನ್ ಕೈಗೆ ಕೊಟ್ಟು, ಇಲ್ಲಿ ನೋಯ್ತೈತೆ ನೋಡು ಅಂದ್ರೆ ಸಾಕು. ನೋಯದಂಗೆ ಹೊಲಿದುಕೊಡ್ತೀನಿ."