ಆರು ಪೈಲಟ್‌ಗಳನ್ನು ಎರಡು ಸಲ ಎಣಿಸಿದ್ದು

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಆ ಬೆಳಿಗ್ಗೆ ನಾವು ನಾಲ್ವರಿದ್ದೆವು. ಮಂಡಿಯ ಯಜಮಾನರಾದ ಖಲೀಲ್ ಸಾಬರು ಕಬ್ಬಿಣದ ಕುರ್ಚಿಯಲ್ಲಿ ಕುಳಿತಿದ್ದರು. ಎದುರಿನ ಬೆಂಚಿನ ಮೇಲೆ ನಾನು, ನನ್ನ ಪಕ್ಕ ನಮ್ಮ ಕಂಪನಿಯ ಮುಖ್ಯ ಪೈಲಟ್ ಕ್ಯಾಪ್ಟನ್ ಸೋಮಯ್ಯ. ಬಾಗಿಲ ಬಳಿ ಗೌನಿಪಲ್ಲಿಯ ಚೌಡಪ್ಪ, ಆಗ ತಾನೆ ಯಾವುದೋ ತೋಟ ಸುತ್ತಿ ಬಂದವರು, ಟವೆಲಿನಿಂದ ಕಾಲಿನ ಧೂಳು ಒದರಿಕೊಳ್ಳುತ್ತಿದ್ದರು. ಏಪ್ರಿಲ್ ತಿಂಗಳ ಮೂರನೆಯ ವಾರ. ಕೋವಿಡ್ ಕಳೆದ ಮೇಲೆ ಬಂದ ಎರಡನೆಯ ಮಾವಿನ ಕಾಲ. ಅಂಗಳದಲ್ಲಿ ಹಣ್ಣಿರಲಿಲ್ಲ, ಹಣ್ಣಿನ ಕೆಳಗೆ ಹಾಸುವ ಭತ್ತದ ಹುಲ್ಲು ಲಾರಿಯಿಂದ ಇಳಿಯುತ್ತಿತ್ತು.

ವಿಮಾನ ಕಂಪನಿಯವರಿಗೆ ಮಂಡಿಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಾನು ಆಗ ಒಂದು ದೊಡ್ಡ ಸರಕು ವಿಮಾನ ಕಂಪನಿಯಲ್ಲಿ ಪೈಲಟ್‌ಗಳ ಯೋಜನಾ ವಿಭಾಗದ ಮ್ಯಾನೇಜರ್ ಆಗಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ನಮ್ಮ ವಿಮಾನಗಳಲ್ಲಿ ಪ್ರಯಾಣಿಕರಿಲ್ಲ. ಔಷಧಿ, ಮೋಟಾರಿನ ಬಿಡಿಭಾಗ, ಕೊರಿಯರ್ ಚೀಲ, ಬೇಸಿಗೆಯಲ್ಲಿ ಮಾವು. ಯಾವ ತಿಂಗಳು ಎಷ್ಟು ಪೈಲಟ್‌ಗಳು ಬೇಕು, ಎಷ್ಟು ಜನ ಇದ್ದಾರೆ, ಯಾರಿಗೆ ಯಾವಾಗ ತರಬೇತಿ ಎಂದು ಒಂದು ವರ್ಷ ಮೊದಲೇ ಹೇಳುವುದು ನನ್ನ ಕೆಲಸ. ತಾಯಲೂರಿನಲ್ಲಿ ನಮ್ಮ ಅಜ್ಜಿ ಇದನ್ನು ಕೇಳಿ, "ಹಂಗಾದ್ರೆ ನೀನು ಆಳು ಗೊತ್ತು ಮಾಡೋನು ಅನ್ನು" ಎಂದಿದ್ದರು. ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಲೆಕ್ಕ ಸರಳವಾದದ್ದು. ರಜೆ, ಕಾಯಿಲೆ, ಕಾನೂನು ಹೇಳುವ ಕಡ್ಡಾಯ ವಿಶ್ರಾಂತಿ ಎಲ್ಲ ಸೇರಿಸಿ ಒಂದು ವಿಮಾನಕ್ಕೆ ಐವರು ಕ್ಯಾಪ್ಟನ್‌ಗಳು ಬೇಕು. ನಮ್ಮ ಹನ್ನೆರಡು ವಿಮಾನಗಳಿಗೆ ಅರವತ್ತು. ಮಾವಿನ ಕಾಲಕ್ಕೆಂದು ಎರಡು ವಿಮಾನ ಬಾಡಿಗೆಗೆ ತಂದರೆ ಎಪ್ಪತ್ತು. ನಮ್ಮಲ್ಲಿದ್ದವರೂ ಸರಿಯಾಗಿ ಎಪ್ಪತ್ತು. ಮೇ ಎರಡನೆಯ ವಾರದಿಂದ ಖಲೀಲ್ ಸಾಬರ ಬಾದಾಮಿ ಮಾವು ಮಾಲೂರಿನ ಶೆಡ್ಡಿನಲ್ಲಿ ಡಬ್ಬಿ ಸೇರಿ, ನಮ್ಮ ವಿಮಾನದಲ್ಲಿ ಕೊಲ್ಲಿ ದೇಶಗಳಿಗೆ ಹೋಗಬೇಕು. ಅದೇ ಮೇ ತಿಂಗಳ ಮೊದಲ ಸೋಮವಾರದಿಂದ ನಾಲ್ಕು ವಾರ, ಎಂಟು ಜನ ಸಹಪೈಲಟ್‌ಗಳಿಗೆ ಕ್ಯಾಪ್ಟನ್ ಆಗುವ ತರಬೇತಿ. ಎರಡನ್ನೂ ಒಟ್ಟಿಗೆ ಮಾಡಬಹುದು ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದೆ.

ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ವಿಭಾಗದ ಪವಿತ್ರಾ ಮೇ ತಿಂಗಳ ರೋಸ್ಟರ್, ಅಂದರೆ ಯಾರು ಯಾವ ದಿನ ಯಾವ ವಿಮಾನ ಹಾರಿಸಬೇಕೆಂಬ ಪಟ್ಟಿ ಹಾಕಲು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸಾರ್, ಆರು ಜನ ಕ್ಯಾಪ್ಟನ್‌ಗಳು ಸಾಲ್ತಿಲ್ಲ."

"ಎಪ್ಪತ್ತು ಜನ ಇದ್ದಾರಲ್ಲಮ್ಮ."

"ಟ್ರೈನಿಂಗ್ ಕೊಡೋರನ್ನ ಬಿಟ್ಟು ನೋಡಬೇಕೇನೋ ಸಾರ್..."

"ಅವರೂ ಎಪ್ಪತ್ತರಲ್ಲೇ ಸೇರಿದ್ದಾರೆ. ನೀನು ರಜೆ ನೋಡು. ಮೇ ತಿಂಗಳು, ಎಲ್ಲರ ಮನೇಲೂ ಮದುವೆ."

ಹುಡುಗಿ ಉತ್ತರವನ್ನು ಬಾಯಿಯ ತನಕ ತಂದಿದ್ದಳು. ನಾನು ಮುಚ್ಚಿಸಿ ಕಳಿಸಿದೆ. ಅಷ್ಟೇ ಅಲ್ಲ, ರಜೆ ಕೇಳಿದ್ದ ಕ್ಯಾಪ್ಟನ್‌ಗಳಿಗೆಲ್ಲ ದಯವಿಟ್ಟು ರಜೆ ಬಿಟ್ಟುಕೊಡಿ ಎಂದು ಕಾಗದ ಬರೆದೆ. ಒಂಬತ್ತು ಜನ ಬಿಟ್ಟುಕೊಟ್ಟರು. ಅದರಲ್ಲೊಬ್ಬರು ತಂಗಿಯ ಮದುವೆಗೆ ಹೋಗುವವರಿದ್ದರು. ಅಷ್ಟಾದರೂ ಪಟ್ಟಿ ತುಂಬಲಿಲ್ಲ.

ಸಂಗತಿ ಉಪಾಧ್ಯಕ್ಷರ ತನಕ ಹೋಯಿತು. ಅವರು ಒಳ್ಳೆಯವರು, ಆದರೆ ಒಂದು ಕಾಗದದ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ಕಣ್ಣಿಡುವವರಲ್ಲ. "ತರಬೇತಿ ರದ್ದು ಮಾಡಿ. ಹಣ್ಣು ಕಾಯಲ್ಲ, ಮನುಷ್ಯರು ಕಾಯ್ತಾರೆ. ಸೋಮವಾರದೊಳಗೆ ಬೇರೆ ದಾರಿ ಇದ್ದರೆ ಹೇಳಿ" ಎಂದರು.

ಮನುಷ್ಯರು ಕಾಯುವ ಸ್ಥಿತಿಯಲ್ಲಿರಲಿಲ್ಲ. ಆ ಎಂಟು ಜನರಲ್ಲಿ ಒಬ್ಬಳು ಶಾಹೀನ್, ಮುಳಬಾಗಿಲಿನವಳು. ತಂದೆ ದಸ್ತಗೀರ್ ಸಾಬರು ತಗಡಿನ ಟ್ರಂಕು ಮಾಡುವವರು. ನಮ್ಮ ಮನೆಯ ಅಟ್ಟದ ಮೇಲಿರುವ ಎರಡು ಟ್ರಂಕು ಅವರ ಕೈಯವೇ. ನಮ್ಮ ತಾಲ್ಲೂಕಿನ ಮಗಳೆಂಬ ಸಲಿಗೆಯಿಂದ ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಕ್ಯಾಪ್ಟನ್ ಹುದ್ದೆಯ ಆಯ್ಕೆ ಪರೀಕ್ಷೆ ಮುಗಿಸಿ ಅವಳು ಎರಡು ಸಲ ತರಬೇತಿಗೆ ಕಾದಿದ್ದಳು. ಮೊದಲ ಸಲ ಕೋವಿಡ್ ಅಡ್ಡ ಬಂತು. ಎರಡನೆಯ ಸಲ ಬೆಂಗಳೂರಿನ ಸಿಮ್ಯುಲೇಟರ್ ಕೆಟ್ಟಿತು. ಸಿಮ್ಯುಲೇಟರ್ ಎಂದರೆ ನೆಲದ ಮೇಲೇ ನಿಂತು, ಒಳಗೆ ಕುಳಿತವರಿಗೆ ಆಕಾಶದ ಎಲ್ಲ ಕಷ್ಟಗಳನ್ನೂ ತೋರಿಸುವ ಯಂತ್ರ. ಅದಕ್ಕೇ ಈ ಸಲ ವಿದೇಶದಲ್ಲಿ ಸಮಯ ಕಾದಿರಿಸಿದ್ದೆವು. ಈಗ ಬಿಟ್ಟರೆ ಅಲ್ಲಿ ಮತ್ತೆ ಜಾಗ ಸಿಗುವುದು ಹತ್ತು ತಿಂಗಳ ಮೇಲೆ. ಅಷ್ಟರಲ್ಲಿ ಕಂಪನಿಯ ನಿಯಮದ ಪ್ರಕಾರ ಅವಳ ಆಯ್ಕೆಯೇ ಬಿದ್ದುಹೋಗುತ್ತಿತ್ತು, ಎಲ್ಲ ಮೊದಲಿಂದ.

ಸುದ್ದಿ ಹೇಗೋ ಅವಳ ಕಿವಿಗೆ ಬಿದ್ದು ಫೋನ್ ಮಾಡಿದಳು. "ಸಾರ್, ಇದು ಮೂರನೇ ಸಲ. ರದ್ದಾಗುತ್ತೆ ಅಂದ್ರೆ ಈಗ್ಲೇ ಹೇಳಿಬಿಡಿ. ನಮ್ಮಬ್ಬಾ ಬೀದಿಗೆಲ್ಲಾ ಹೇಳ್ಕೊಂಡು ಬರೋಕೆ ಮುಂಚೆ ಬಾಯಿ ಮುಚ್ಚಿಸ್ಬೇಕು." ನಗುತ್ತಲೇ ಹೇಳಿದಳು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಸೋಮವಾರದ ತನಕ ಕಾಯಮ್ಮ ಎಂದೆ.

ಉಳಿದದ್ದು ಒಂದೇ ದಾರಿ: ಗಿರಾಕಿಯ ಕಾಲು ಹಿಡಿದು, ಮೇ ತಿಂಗಳಲ್ಲಿ ಒಂದು ವಿಮಾನವಾದರೂ ಕಡಿಮೆ ಮಾಡಿಕೊಳ್ಳಿ ಎಂದು ಕೇಳುವುದು. ಹೀಗೆ ಬುಧವಾರ ಬೆಳಿಗ್ಗೆ ನಾನು ಮತ್ತು ಸೋಮಯ್ಯನವರು ಕೋಲಾರದಲ್ಲಿ ಇಡ್ಲಿ ತಿಂದು ಶ್ರೀನಿವಾಸಪುರದ ಮಂಡಿಗೆ ಬಂದದ್ದು.

ಖಲೀಲ್ ಸಾಬರು ನಮಗೆ ಚಹಾ ಕೊಟ್ಟು, ನಮ್ಮ ಮಾತಿಗೆ ಮೊದಲು ಚೌಡಪ್ಪನವರ ಕಡೆ ತಿರುಗಿದರು. ಚೌಡಪ್ಪನವರು ಫಸಲಿನ ಅಂದಾಜು ಹಾಕುವವರು. ಹಣ್ಣಿನ ವ್ಯಾಪಾರಿಗಳು ತೋಟವನ್ನು ಕಾಯಿ ಇರುವಾಗಲೇ ಹಿಡಿಯುತ್ತಾರೆ. ಯಾವ ತೋಟದಲ್ಲಿ ಎಷ್ಟು ಇಳಿಯುತ್ತದೆಂದು ಮರ ಮರ ನೋಡಿ ಹೇಳುವ ಇಂಥವರ ಮಾತೇ ಅಲ್ಲಿ ಆಧಾರ.

"ಎಷ್ಟೈತೆ ಚೌಡಪ್ಪ?"

"ಇನ್ನೂರ ಹತ್ತು ಮರ ಸಾಬ್ರೇ. ನೂರ ಎಂಬತ್ತು ಬರ್ಕೊಳ್ಳಿ."

ಸೋಮಯ್ಯನವರಿಗೆ ಎಲ್ಲದರಲ್ಲೂ ಕುತೂಹಲ. "ಉಳಿದ ಮೂವತ್ತು ಎಲ್ಲಿಗೆ ಹೋಯ್ತು ಯಜಮಾನ್ರೇ? ಯಾರಾದ್ರೂ ಕಡಿದ್ರಾ?"

"ಎಲ್ಲಿಗೂ ಓಗಿಲ್ಲ ಸಾಮಿ, ಅಲ್ಲೇ ನಿಂತವ್ವೆ. ಅವು ಕಸಿಗೆ ಕಡ್ಡಿ ಕೊಡೋ ಮರ. ನರ್ಸರಿಯೋರು ಒಸಾ ಗಿಡ ಕಟ್ಟಾಕೆ ಚಿಗುರೆಲ್ಲಾ ಕುಯ್ಕೊಂಡು ಓಗವ್ರೆ. ಮರ ಐತೆ, ಈ ವರ್ಷಕ್ಕೆ ಕಾಯಿ ಇಲ್ಲ. ಅದ್ನೂ ಲೆಕ್ಕಕ್ಕೆ ತಕ್ಕೊಂಡ್ರೆ ಸಾಬ್ರು ನನ್ನ ಸುಮ್ನೆ ಬಿಡ್ತಾರಾ ನಾಯ್ನಾ?"

ಖಲೀಲ್ ಸಾಬರು ನಕ್ಕರು. "ಇವನ ತಾತನೂ ಹಿಂಗೇ ಎಣಿಸ್ತಿದ್ದ, ಸಾರ್. ಕಡ್ಡಿ ಕೊಟ್ಟಿದ್ದು ಒಂದು ಕಡೆ, ಕಾಯಿ ಕೊಡೋದು ಒಂದು ಕಡೆ."

ಸೋಮಯ್ಯನವರು ಚಹಾ ಕೆಳಗಿಟ್ಟು ನನ್ನ ಮೊಣಕೈ ತಿವಿದರು. "ಏನ್ರೀ, ಹಾಗಾದ್ರೆ ಮೇ ತಿಂಗಳಲ್ಲಿ ನಾನೂ ಕಡ್ಡಿ ಕೊಡೋ ಮರವೇ."

ಅವರು ತಮಾಷೆಗೆ ಹೇಳಿದ್ದು. ತರಬೇತಿ ಕೊಡುವ ಆರು ಜನ ಕ್ಯಾಪ್ಟನ್‌ಗಳಲ್ಲಿ ಅವರೂ ಒಬ್ಬರು. ನಾನು ಮಾತ್ರ ಮನಸ್ಸಿನಲ್ಲೇ ನನ್ನ ಪಟ್ಟಿಗಳನ್ನು ತಿರುವಿ ಹಾಕಿದೆ. ಹಿಂದಿನ ವರ್ಷಗಳಲ್ಲಿ ಸಿಮ್ಯುಲೇಟರ್ ಬೆಂಗಳೂರಿನಲ್ಲೇ ಇತ್ತು; ಶಿಕ್ಷಕರು ಒಂದು ದಿನ ಪಾಠ ಹೇಳಿ ಮಾರನೆಯ ದಿನ ಸರಕು ಹಾರಿಸುತ್ತಿದ್ದರು, ಆ ರೂಢಿಯಲ್ಲೇ ನಾನು ಈ ವರ್ಷವೂ ಬರೆದಿದ್ದೆ. ಈ ಸಲ ಆರು ಜನರೂ ನಾಲ್ಕು ವಾರ ದೇಶದಲ್ಲೇ ಇರುವುದಿಲ್ಲ. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರಿತ್ತು. ಹಾರಾಟದ ಪಟ್ಟಿಯಲ್ಲೂ ಇತ್ತು. ಎರಡೂ ಪಟ್ಟಿಗೆ ನನ್ನದೇ ಸಹಿ. ಎಪ್ಪತ್ತರಲ್ಲಿ ಆರು ಕಳೆದರೆ ಅರವತ್ತನಾಲ್ಕು. ಪವಿತ್ರಾ ಹೇಳಿದ್ದ ಆರು ಅದೇ.

ಮಾವಿನ ಸೀಮೆಯಲ್ಲಿ ಹುಟ್ಟಿದವನು ನಾನು. ಅಂದಾಜು ಹಾಕುವವರು ಎಂದೂ ಮಾಡದ ತಪ್ಪನ್ನು ಕಂಪ್ಯೂಟರ್ ಇಟ್ಟುಕೊಂಡು ಮಾಡಿದ್ದೆ.

ತಪ್ಪು ಸಿಕ್ಕಿತು, ಆರು ಜನ ಸಿಗಲಿಲ್ಲ. ನಾನು ಖಲೀಲ್ ಸಾಬರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ: ಲೆಕ್ಕ ತಪ್ಪಿದ್ದು ನಾನು, ಮೇ ತಿಂಗಳಲ್ಲಿ ನಿಮ್ಮ ಎರಡೂ ವಿಮಾನ ಹಾರಿಸಲು ಹೊರಟರೆ ಎಂಟು ಮಕ್ಕಳ ತರಬೇತಿ ಹೋಗುತ್ತದೆ, ಅದರಲ್ಲಿ ಮುಳಬಾಗಿಲಿನ ಟ್ರಂಕಿನ ದಸ್ತಗೀರ್ ಸಾಬರ ಮಗಳೂ ಇದ್ದಾಳೆ.

ಅವರು ಗಡ್ಡ ನೀವಿಕೊಂಡರು. ಆಮೇಲೆ ಚೌಡಪ್ಪನವರ ಮುಖ ನೋಡಿದರು. ಇಬ್ಬರ ನಡುವೆ ಏನೋ ಓಡಾಡಿತು.

"ಹೇಳಿಬಿಡು ಮಿಯಾ" ಎಂದರು ಸಾಬರು.

"ಈ ಸಲ ಊವು ತಡ ಸಾಮಿ" ಎಂದರು ಚೌಡಪ್ಪ. "ಸಂಕ್ರಾಂತಿಗೆ ಬರ್ಬೇಕಾದ್ದು ಶಿವರಾತ್ರಿಗೆ ಬಂತು. ಜೂನು ಬರದೆ ಬಾದಾಮಿಗೆ ಕೈ ಇಕ್ಕಂಗಿಲ್ಲ."

"ಹಾಗಾದ್ರೆ ಮೇ ತಿಂಗಳಿಗೆ ವಿಮಾನ ಯಾಕೆ ಹಿಡಿದಿಟ್ಟಿದ್ದೀರಿ?" ಎಂದರು ಸೋಮಯ್ಯ.

"ಸಾರ್, ಬಸ್ಸಲ್ಲಿ ಟವೆಲ್ ಹಾಕಿದ್ದು ಯಾಕೆ ಅಂತ ಕೇಳ್ತೀರಲ್ಲ" ಎಂದರು ಸಾಬರು. "ತೆಗೆದ್ರೆ ಬೇರೆಯೋರು ಕೂರ್ತಾರೆ. ಜೂನಲ್ಲಿ ನಮ್ಮ ಹಣ್ಣು ನಿಂತ್ರೆ ನಾವು ಯಾರನ್ನ ಕೇಳೋದು?"

ನಾನು ಚೀಲದಿಂದ ಕಾಗದ ತೆಗೆದು ಬೆಂಚಿನ ಮೇಲಿಟ್ಟು ಬರೆದು ತೋರಿಸಿದೆ. ಮೇ ತಿಂಗಳಲ್ಲಿ ಮಾವಿಲ್ಲದಿದ್ದರೆ ಬೇಕಾದವರು ಅರವತ್ತು, ಇರುವವರು ಅರವತ್ತನಾಲ್ಕು. ಜೂನ್ ಮೊದಲ ವಾರಕ್ಕೆ ಶಿಕ್ಷಕರು ವಾಪಸು. ಆಗ ಎಪ್ಪತ್ತು ಬೇಕು, ಎಪ್ಪತ್ತು ಇದ್ದಾರೆ. ಈ ಸಲ ಒಂದೊಂದು ಹೆಸರನ್ನೂ ಬೆರಳಿಟ್ಟು ಎಣಿಸಿದೆ.

ಸಾಬರು ಕನ್ನಡಕ ಹಾಕಿಕೊಂಡು ತಾವೂ ಎಣಿಸಿದರು. "ಲೆಟರ್ ಕೊಡ್ತೀನಿ, ಜೂನ್‌ಗೆ ಹಾಕ್ಕೊಳ್ಳಿ. ತಪ್ಪು ಒಪ್ಕೊಂಡೋರ ಹತ್ರ ವ್ಯಾಪಾರ ಸಲೀಸು. ಒಪ್ಪದೋರ ಹತ್ರ ದಿನಾ ಜಗಳ" ಎಂದರು.

ಸೋಮವಾರ ಉಪಾಧ್ಯಕ್ಷರ ಮುಂದೆ ಮೊದಲು ಪವಿತ್ರಾಳ ಹೆಸರು ಹೇಳಿದೆ. ಆಮೇಲೆ ನನ್ನ ತಪ್ಪು. ಕೊನೆಗೆ ಖಲೀಲ್ ಸಾಬರ ಪತ್ರ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಆ ಕಾಗದವನ್ನು ಒಂದು ನಿಮಿಷಕ್ಕಿಂತ ಹೆಚ್ಚೇ ನೋಡಿ, "ಹಣ್ಣು ಮೇನಲ್ಲೇ ಬಂದರೆ?" ಎಂದು ಕೇಳಿದರು.

"ಬರಲ್ಲ ಸಾರ್."

"ಯಾರು ಹೇಳಿದ್ದು?"

"ಗೌನಿಪಲ್ಲಿಯ ಚೌಡಪ್ಪ."

ಅವರು ಯಾರೆಂದು ಉಪಾಧ್ಯಕ್ಷರು ಕೇಳಲಿಲ್ಲ. ಬಾಡಿಗೆ ವಿಮಾನಗಳನ್ನು ಜೂನ್‌ಗೆ ಮುಂದೂಡುವ ಕಾಗದಕ್ಕೆ ಸಹಿ ಹಾಕಿದರು. ನಾನು ಹೊರಗೆ ಬಂದು ಮೊದಲು ಶಾಹೀನ್‌ಗೆ ಫೋನ್ ಮಾಡಿದೆ, ಆಮೇಲೆ ರಜೆ ಬಿಟ್ಟುಕೊಟ್ಟ ಒಂಬತ್ತು ಜನರಿಗೂ. ಅರವತ್ತರ ಮೇಲೆ ನಾಲ್ವರು ಹೆಚ್ಚಿಗೆ ಇದ್ದದ್ದರಿಂದ ರಜೆಗಳನ್ನು ಹಿಂದಿರುಗಿಸುವುದು ಕಷ್ಟವಾಗಲಿಲ್ಲ. ತಂಗಿಯ ಮದುವೆಯವರು, "ಕಾರ್ಡ್ ಕಳಿಸ್ತೀನಿ, ಊಟಕ್ಕೆ ಬಂದು ತಪ್ಪು ತೀರಿಸಿ" ಎಂದರು. ಹೋದೆ, ತೀರಿಸಿದೆ.

ಮೇ ತಿಂಗಳು ಪೂರ್ತಿ ನನಗೆ ಬಿಸಿಲೆಂದರೆ ಭಯ. ಒಂದು ವಾರ ಕಡು ಬಿಸಿಲು ಹೊಡೆದಾಗ ಚೌಡಪ್ಪನವರಿಗೆ ದಿನಕ್ಕೆರಡು ಸಲ ಫೋನ್ ಮಾಡಿದೆ. ನಾಲ್ಕನೆಯ ದಿನ ಅವರು, "ಸಾಮಿ, ನೀವು ಫೋನ್ ಮಾಡಿದ್ರೆ ಕಾಯಿ ಅಣ್ಣಾಗಲ್ಲ, ಸುಮ್ಕಿರಿ" ಎಂದರು. ಸುಮ್ಮನಾದೆ. ಶಿಕ್ಷಕರೂ ಎಂಟು ಜನರೂ ವಿದೇಶದಿಂದ ಮರಳಿದ ಮೂರನೆಯ ದಿನ ಮಾಲೂರಿನ ಶೆಡ್ಡಿಗೆ ಮೊದಲ ಬಾದಾಮಿ ಲೋಡು ಬಂತು ಎಂದು ಪವಿತ್ರಾ ಹೇಳಿದಾಗ, ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟ್ ಪೂರಿ ತಿಂದೆ.

ಮೂವತ್ತೊಂದು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಇದು ಮುಖ್ಯ: ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಆ ಹೊತ್ತಿಗೆ ಆಳು ಕೈಗೆ ಸಿಗುವುದು ಬೇರೆ. ಕಲಿಸುತ್ತಿರುವವನನ್ನು ಕಲಿಸುತ್ತಿದ್ದಾನೆ ಎಂದೇ ಬರೆಯಬೇಕು. ಅದೇ ಅವನ ಪೂರ್ತಿ ಕೆಲಸ. ಇನ್ನೊಂದು ಮಾತು, ಎದುರು ನಿಂತ ಕಿರಿಯರು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದರೆ, ಪೂರ್ತಿ ಮಾಡು ಎಂದು ಹೇಳಬೇಕು. ನಾನು ಹೇಳಿರಲಿಲ್ಲ.

ಎಲ್ಲ ಪರೀಕ್ಷೆಗಳೂ ಮುಗಿದು ನವೆಂಬರಿನ ಒಂದು ಗುರುವಾರ ಶಾಹೀನ್ ಕ್ಯಾಪ್ಟನ್ ಆಗಿ ತನ್ನ ಮೊದಲ ವಿಮಾನ ಹಾರಿಸಿದಳು. ಬೆಂಗಳೂರಿನಿಂದ ಅಹಮದಾಬಾದಿಗೆ, ಔಷಧಿಯ ಪೆಟ್ಟಿಗೆಗಳು. ಹನ್ನೊಂದು ನಿಮಿಷ ತಡ. ಇಳಿದ ಮೇಲೆ ಮುಳಬಾಗಿಲಿಗೆ ಫೋನ್ ಮಾಡಿದಳಂತೆ. ದಸ್ತಗೀರ್ ಸಾಬರು ಕೈಲಿದ್ದ ಸುತ್ತಿಗೆ ಕೆಳಗಿಟ್ಟು, ಊಟ ಮಾಡಿದೆಯಾ ಎಂದು ಕೇಳಿದರಂತೆ. ಇನ್ನೂ ಇಲ್ಲ ಎಂದಳಂತೆ. ಹಾಗಾದರೆ ಫೋನ್ ಇಡು, ಮೊದಲು ಊಟ ಮಾಡು ಎಂದರಂತೆ.