ಜುಲೈ ತಿಂಗಳ ಹಿಮ

ಬೆಳಗಿನ ಆರು ಗಂಟೆ. ಚಿತ್ರೀಕರಣಕ್ಕೆಂದು ಕಟ್ಟಿದ, ಹೆಂಡದಂಗಡಿ, ಜೈಲು, ಬ್ಯಾಂಕು ಎಲ್ಲದಕ್ಕೂ ಮುಂಗೋಡೆ ಮಾತ್ರ ಇರುವ ಮರದ ಬೀದಿಯಲ್ಲಿ ಎಲಿಸಿಯೊ ಬರಾಗಾನ್ ನಿನ್ನೆಯ ಹಿಮ ಗುಡಿಸುತ್ತಿದ್ದಾರೆ. ಹಿಮವೆಂದರೆ ಒಣಗಿಸಿದ ಆಲೂಗಡ್ಡೆಯ ಚಕ್ಕೆ. ಜರಡಿ ಹಿಡಿದು ಕಲ್ಲು, ಕುದುರೆಗೂದಲು ತೆಗೆದರೆ ಇನ್ನೊಮ್ಮೆ ಬಳಸಬಹುದು. ಹತ್ತು ಕಿಲೋ ಸುರಿದರೆ ಏಳು ಮರಳಿ ಸಿಗುತ್ತದೆ. "ಮೂರು ಕಿಲೋ ಹಕ್ಕಿಗಳ ಪಾಲು," ಎನ್ನುತ್ತಾರೆ.

ವಯಸ್ಸು ಎಂಬತ್ತನಾಲ್ಕು. ಕಾಫಿ ತಂದ ಮಗಳು ಒಫೀಲಿಯಾ ಗದರುತ್ತಾಳೆ: "ಏಣಿ ಮುಟ್ಟು ನೋಡೋಣ ಅಪ್ಪಾ, ಕಾಲು ಕಟ್ಟಿ ಹಾಕ್ತೀನಿ."

ಕ್ರಿಸ್ಮಸ್ಸಿಗೆ ಮುಂಚಿನ ಶನಿವಾರ ಈ ರ‍್ಯಾಂಚಿನ ಕಣಜದೊಳಗೆ 'ಡಸ್ಟಿ ಬೆಂಡ್' ಎಂಬ ಹಳೆಯ ಕೌಬಾಯ್ ಧಾರಾವಾಹಿಯ ಹಬ್ಬದ ಕಂತು ತೋರಿಸುತ್ತಾರೆ. ಕೊನೆಯ ದೃಶ್ಯದಲ್ಲಿ ಎಲಿಸಿಯೊ ಅಟ್ಟದ ಮೇಲೆ ಕೂತು ಕ್ಯಾನ್ವಾಸಿನ ಜೋಲಿ ಅಲ್ಲಾಡಿಸುತ್ತಾರೆ, ನೋಡುವವರ ತಲೆ ಮೇಲೆ ಹಿಮ ಬೀಳುತ್ತದೆ. ಮೂವತ್ತೊಂದು ವರ್ಷದಿಂದ ಹೀಗೇ. ಈ ಸಲ ರ‍್ಯಾಂಚಿನ ಒಡತಿ ವೆರ್ನಾ ಹಿಮದ ಯಂತ್ರ ತರಿಸಿದ್ದಾಳೆ. ಅಂದಿನಿಂದ ಮುದುಕರಿಗೆ ಹಬ್ಬದ ಜೋಳದ ಕಡುಬು ತಮಾಲೆಯೂ ಸೇರುತ್ತಿಲ್ಲ.

ಆ ಕಂತು ಚಿತ್ರೀಕರಣವಾದಾಗ ಎಲಿಸಿಯೊಗೆ ಇಪ್ಪತ್ತು. ಗಡಿಯಾಚೆಯ ಮೆಕ್ಸಿಕಾಲಿಯಿಂದ ನಿಂಬೆ ಕೀಳಲು ಬಂದ ಹುಡುಗನನ್ನು ಏಣಿ ಹಿಡಿಯಲೆಂದು ಒಂದು ದಿನಕ್ಕೆ ಕರೆದರು, ಹಿಮ ಉದುರಿಸಲು ಮೇಲೆ ಹತ್ತಿಸಿದರು. ಜುಲೈ ತಿಂಗಳು. ಉಣ್ಣೆಯ ಕೋಟಿನೊಳಗೆ ನಟರು ಬೇಯುತ್ತಿದ್ದಾರೆ. "ನಾನು ಹಿಮ ನೋಡೇ ಇರ್ಲಿಲ್ಲ. ಹೇಗೆ ಬೀಳುತ್ತೆ ಅಂತ ಸೆಟ್ಟಿನ ಬಡಗೀನ ಕೇಳಿದೆ. 'ಅವಸರ ಇಲ್ದಿರೋರ ಥರ' ಅಂದ."

ಹಿಮದಲ್ಲಿ ದಾರಿ ತಪ್ಪಿದ ದನಗಾಹಿಯೊಬ್ಬ ಮಗಳಿಗೊಂದು ಬೊಂಬೆ ಹಿಡಿದು ಮನೆಯ ಬಾಗಿಲಿಗೆ ಬರುವ ದೃಶ್ಯ. ಎಲಿಸಿಯೊನ ತಂದೆಯೂ ದುಡಿಯಲು ಉತ್ತರಕ್ಕೆ ಹೋದವರು. ತಾಯಿ ಪ್ರತಿ ಕ್ರಿಸ್ಮಸ್ ಮುನ್ನಾದಿನ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು. ಅವರು ಬರಲಿಲ್ಲ. ಕೆಳಗೆ ಬಾಗಿಲು ತೆರೆದದ್ದು ನೋಡುತ್ತ ಹುಡುಗ ಕೈ ಆಡಿಸುವುದನ್ನೇ ಮರೆತ. ಹಿಮ ನಿಂತುಹೋಯಿತು.

"ಕೆಲಸ ಹೋಯ್ತು ಅಂದ್ಕೊಂಡೆ. ನಿರ್ದೇಶಕರು ಮೇಲೆ ನೋಡಿದ್ರು, ಏನೂ ಅನ್ಲಿಲ್ಲ." ದೃಶ್ಯ ಹಾಗೇ ಉಳಿಯಿತು. ಅಪ್ಪ ಮನೆ ಸೇರಿದ ಗಳಿಗೆಯಲ್ಲೇ ದೇವರು ಹಿಮ ನಿಲ್ಲಿಸಿದ ಎಂದು ಊರೂರಿಂದ ಕಾಗದ ಬಂದವು. ಕಂತಿನ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ಎಲಿಸಿಯೊ ಇಲ್ಲ. "ದೇವರ ಹೆಸರೂ ಇಲ್ಲ ಬಿಡಿ," ಎಂದು ನಗುತ್ತಾರೆ.

ಎಂಟಕ್ಕೆ ಕಣಜದ ಬಾಗಿಲು ಮುಚ್ಚಿ ಯಂತ್ರದ ಪರೀಕ್ಷೆ. ಗೋಡೆಯ ಮೇಲಿನ ಚಿತ್ರದಲ್ಲಿ ದನಗಾಹಿ ಬರುತ್ತಾನೆ, ಬಾಗಿಲು ತೆರೆಯುತ್ತದೆ. ಯಂತ್ರದ ಹಿಮ, ಅಂದರೆ ಸಾಬೂನಿನ ನೊರೆ, ಸುರಿಯುತ್ತಲೇ ಇದೆ. ವೆರ್ನಾ ತಲೆ ಬಗ್ಗಿಸಿ ಗುಂಡಿ ಹುಡುಕುತ್ತಾಳೆ. ಅದು ಸಿಗುವಷ್ಟರಲ್ಲಿ ಕಂತು ಮುಗಿದಿದೆ.

"ಸ್ವಲ್ಪ ತಡ ಆಯ್ತು, ಅಷ್ಟೇ," ಎನ್ನುತ್ತಾಳೆ.

"ಸ್ವಲ್ಪಾನಾ? ಬೊಂಬೆಗೆ ಸ್ನಾನ ಆಯ್ತು!" ಒಫೀಲಿಯಾ ಕಿಸಕ್ಕೆನ್ನುತ್ತಾಳೆ.

ಎಲಿಸಿಯೊ ಕುರ್ಚಿ ಎಳೆದುಕೊಂಡು ಯಂತ್ರದ ಪಕ್ಕ ಕೂರುತ್ತಾರೆ. ಕೊನೆಯ ದೃಶ್ಯ ಎರಡನೆಯ ಸಲ. ಬೆರಳು ಗುಂಡಿಯ ಮೇಲೆ, ಕಣ್ಣು ಗೋಡೆಯ ಮೇಲೆ. ಬಾಗಿಲು ತೆರೆಯುತ್ತದೆ. ಹಿಮ ನಿಲ್ಲುತ್ತದೆ.

"ಶನಿವಾರ ಆ ಕುರ್ಚಿ ನಿಮ್ಮದೇ," ಎನ್ನುತ್ತಾಳೆ ವೆರ್ನಾ, ಮೂಗೊರೆಸಿಕೊಳ್ಳುತ್ತ.

ನಿಮ್ಮ ನಂತರ ಯಾರು ಎಂದು ಕೇಳಿದರೆ ಎಲಿಸಿಯೊ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ. "ಯಾರಾದ್ರೂ ಕೂರ್ಲಿ. ಗುಂಡಿ ನೋಡ್ಬಾರ್ದು, ಅಷ್ಟೇ. ಕಥೆ ನೋಡ್ತಿರ್ಬೇಕು."