ದೇವರ ಸಾಲಿನಲ್ಲಿ ಕನ್ನಡಿ

ನನ್ನ ಮದುವೆಯಲ್ಲಿ ನನಗೆಂದು ಬಂದದ್ದು ಒಂದು ಕನ್ನಡಿ. ಉಳಿದದ್ದೆಲ್ಲ ಬೀಗರಿಗೆ ಬಂದದ್ದು. ಮಗಳು ಮಾರಿ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳಲಿ ಎಂದು ಅವ್ವ ಅದನ್ನು ಸೊಲ್ಲಾಪುರದಿಂದ ತರಿಸಿದ್ದಳು. ಕೊಳಕೂರಿನಿಂದ ಆಳಂದದವರೆಗೂ ಬಂಡಿಯಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಗಂಡನ ಮನೆಯ ಗೋಡೆಗಳು ಯಾರವೆಂದು ಅವ್ವನಿಗೆ ತಿಳಿದಿರಬೇಕಿತ್ತು. ಅವಳೂ ಒಂದು ಗಂಡನ ಮನೆಯಲ್ಲೇ ಬಾಳಿದವಳು.

"ಒಳಗ ಹೊಗಿಗೆ ಹಾಳಾಗ್ತದ," ಎಂದು ಮಾವ ಕನ್ನಡಿಯನ್ನು ಪಡಸಾಲೆಗೆ ಒಯ್ದರು. ಪಡಸಾಲೆ ಗಂಡಸರದು. ಸೊಸೆ ಅಲ್ಲಿ ಕಾಲಿಡುವುದು ಕಸ ಗುಡಿಸಲು ಮಾತ್ರ. ಹೊಗೆಯಲ್ಲಿ ನನ್ನ ಮುಖ ಹಾಳಾಗುವುದರ ಬಗ್ಗೆ ಅವರಿಗೆ ಅಷ್ಟು ಚಿಂತೆ ಇದ್ದಂತಿರಲಿಲ್ಲ.

ಗೋಡೆಗೆ ಏನನ್ನಾದರೂ ತೂಗುಹಾಕುವ ವಿದ್ಯೆ ಮಾವನಿಗೆ ಒಂದೇ ಬಗೆಯಲ್ಲಿ ಗೊತ್ತಿತ್ತು. ಪಟವೆಂದರೆ ಜಂತಿಯ ಕೆಳಗೆ ಎತ್ತರದಲ್ಲಿರಬೇಕು. ಕೆಳಗಿನ ಅಂಚು ಗೋಡೆಗೆ ತಾಗಿರಬೇಕು, ಮೇಲಿನ ಅಂಚು ದಾರದ ಮೇಲೆ ಮುಂದಕ್ಕೆ ಬಾಗಿರಬೇಕು, ದೇವರು ಭಕ್ತರ ಕಡೆ ನೋಡಲೆಂದು. ಶಿವ, ಪಾರ್ವತಿ, ಲಕ್ಷ್ಮಿ ಹಾಗೆಯೇ ಬಾಗಿಕೊಂಡಿದ್ದರು. ಲಕ್ಷ್ಮಿಯ ಪಕ್ಕದಲ್ಲಿ ನನ್ನ ಕನ್ನಡಿಯೂ ಬಾಗಿತು. ಸಾಲಿಗೆ ಸೇರಿದ ಮೇಲೆ ಬಿಡುವುದು ಹೇಗೆ? ಸೋಮವಾರ ಮಾವ ಏಣಿ ಹತ್ತಿ ಎಲ್ಲ ಪಟಗಳಿಗೂ ವಿಭೂತಿ ಹಚ್ಚಿ, ಕನ್ನಡಿಗೂ ಹಚ್ಚಿ ಕೈಮುಗಿಯುತ್ತಿದ್ದರು. ತನ್ನ ಮುಖಕ್ಕೆ ತಾನೇ ಭಕ್ತಿಯಿಂದ ಕೈಮುಗಿಯುವ ಯೋಗ ಊರಲ್ಲಿ ಇನ್ನಾರಿಗೂ ಇರಲಿಲ್ಲ. ಗಂಡಸರು ರುಮಾಲು ಸುತ್ತಿಕೊಳ್ಳಲು ಅದರ ಕೆಳಗೆ ನಿಂತರೆ ಮುಖಕ್ಕಿಂತ ನೆತ್ತಿಯೇ ಹೆಚ್ಚು ಕಾಣುತ್ತಿತ್ತು.

ಪಡಸಾಲೆಗೂ ಅಡುಗೆಮನೆಗೂ ನಡುವೆ ಆಳೆತ್ತರದ ಅಡ್ಡಗೋಡೆ, ಅದರ ಮೇಲೆ ಜಂತಿಯವರೆಗೆ ಬಯಲು. ಮದುವೆಯಾದ ಹೊಸದರಲ್ಲೇ ಒಂದು ದಿನ ರೊಟ್ಟಿ ಬಡಿದು ಎದ್ದು ನಿಂತವಳು ತಲೆ ಎತ್ತಿದೆ. ಅಡ್ಡಗೋಡೆಯ ಆಚೆ, ಎದುರುಗೋಡೆಯ ಮೇಲೆ ತೂಗಿದ್ದ ಕನ್ನಡಿಯಲ್ಲಿ ಇಡೀ ಪಡಸಾಲೆ ಕಾಣಿಸಿತು: ಜಮಖಾನ, ತಂಬಾಕಿನ ಚೀಲ, ಪಂಚಾಯ್ತಿಗೆಂದು ಬಂದು ತೂಕಡಿಸುತ್ತಿದ್ದ ದೊಡ್ಡ ಮನುಷ್ಯರು. ಅತ್ತೆಗೆ ತೋರಿಸಿದೆ. ಅತ್ತೆ ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಹೊರಗ ಹೇಳಬ್ಯಾಡ," ಎಂದರು. ಆಮೇಲೆ ನಮ್ಮ ಅಡುಗೆಮನೆಯ ಕೆಲಸಗಳೆಲ್ಲ ನಿಂತುಕೊಂಡೇ ಮಾಡುವಂಥವಾದವು.

ಹೀಗಿರುವಾಗ ನಾದಿನಿಗೆ ಅಫಜಲಪುರದ ಕಡೆಯಿಂದ ಸಂಬಂಧ ಬಂತು. ಅವಳು ನನಗಿಂತ ಚಿಕ್ಕವಳು, ನಗು ಬಂದರೆ ತಡೆಯಲಾರದವಳು. ವರನಿಗೆ ಎರಡನೆಯ ಮದುವೆ, ಆದರೆ ವಯಸ್ಸೇನೂ ಆಗಿಲ್ಲ ಎಂದು ಮಾವ ಹೇಳಿದ್ದರು. ಯುದ್ಧದ ಕಾಲ, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮಾವ ಯಾರ‍್ಯಾರನ್ನೋ ಕಾಡಿ ಬೇಡಿ ಸಕ್ಕರೆ ಪುಡಿ ಶಾಸ್ತ್ರಕ್ಕಾಗುವಷ್ಟು ತಂದರು. ಆ ಸಕ್ಕರೆ ಒಮ್ಮೆ ಬೀಗರ ಕೈಗೆ ಹೋದರೆ ಸಂಬಂಧ ಗಟ್ಟಿ, ಮಾತು ಹಿಂದಕ್ಕಿಲ್ಲ.

ವರ ಬಂದ. ನಮ್ಮ ಬಾಗಿಲು ಗಿಡ್ಡ, ಅವನ ರುಮಾಲು ದೊಡ್ಡದು. ಚೌಕಟ್ಟಿಗೆ ಬಡಿದು ಅದು ಸಡಿಲಾಯಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕೂತ. ನಾದಿನಿ ತಲೆ ಬಗ್ಗಿಸಿ ಹೋಗಿ, ನಮಸ್ಕಾರ ಮಾಡಿ, ಅವನ ಕಾಲಿನ ಹೆಬ್ಬೆರಳನ್ನು ನೋಡಿ ಬಂದಳು. ಹೆಣ್ಣಿನ ಮಟ್ಟಿಗೆ ವರಪರೀಕ್ಷೆ ಮುಗಿಯಿತು.

ಶಾಸ್ತ್ರಕ್ಕೆ ಮುಂಚೆ ರುಮಾಲು ಸರಿಪಡಿಸಿಕೊಳ್ಳಬೇಕಲ್ಲ. ವರ ಎದ್ದು ಕನ್ನಡಿಯ ಕೆಳಗೆ ನಿಂತು ಪೂರಾ ಬಿಚ್ಚಿದ. ಒಳಗೆ ನಾವು ಮೂವರೂ ತಲೆ ಎತ್ತಿಕೊಂಡು ನಿಂತಿದ್ದೆವು. ಮೀಸೆ ಕಾಡಿಗೆಯಷ್ಟು ಕಪ್ಪು. ತಲೆ ಹಿಂಜಿದ ಅರಳೆ, ನಡುವೆ ಅದೂ ಇಲ್ಲ. ರುಮಾಲಿನ ಇನ್ನೊಂದು ತುದಿ ಹಿಡಿದು ಮಾವ ಹತ್ತಿರವೇ ನಿಂತಿದ್ದರು. ಅತ್ತೆ ಸಕ್ಕರೆಯ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಎಮ್ಮೆಯ ಕಲಗಚ್ಚಿಗೆ ಸುರಿದು ಬಂದರು. ಎಮ್ಮೆಗೆ ಅಂಥ ಸತ್ಕಾರ ಹಿಂದೆಂದೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವ ಒಳಗೆ ಬಂದರು. "ಸಕ್ಕರಿ ಎಲ್ಲಿ?"

"ಎಮ್ಮಿ ಕುಡೀತ್ರಿ," ಎಂದರು ಅತ್ತೆ.

ಮಾವ ಬಾಯಿ ತೆರೆದರು. ಅತ್ತೆ ಬಿಡಲಿಲ್ಲ. "ನಿಮಗ ಮೋಸ ಮಾಡ್ಯಾರ್ರಿ. ಅವ ಮುದುಕ. ತಲಿ ಎಲ್ಲಾ ಬೆಳ್ಳಗ ಆಗ್ಯಾದ."

ಪಾಪ, ಮನೆಯ ಯಜಮಾನರಿಗೆ ಮೋಸವಾಗಿದೆ ಎಂದೇ ನಾನೂ ನಂಬಿದ್ದೆ. ಮಾವ ದನಿ ತಗ್ಗಿಸಿದರು. "ನನಗ ಗೊತ್ತಿಲ್ಲೇನು? ತಲಿ ಬೆಳ್ಳಗಾದ್ರ ಏನಾತು, ಹೊಲ ಕರೀದದ."

ಅಫಜಲಪುರದ ಕರಿ ಭೂಮಿ ಎಂಥದ್ದೆಂದು ನಮಗೂ ಗೊತ್ತು. ಭೂಮಿ ಸೀರೆಯುಟ್ಟು ಸಂಸಾರ ಮಾಡುವುದಿಲ್ಲ ಎಂಬುದು ಮಾವನಿಗೆ ಗೊತ್ತಿರಲಿಲ್ಲ. ನಾದಿನಿ ಒಲೆಯ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸಕ್ಕರೆ ಸಿಕ್ಕ ಕೂಡಲೇ ಹೇಳಿ ಕಳಿಸುತ್ತೇವೆ ಎಂದು ಮಾವ ಬೀಗರನ್ನು ಕಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಮೇಲೆ ನೋಡಿ, ಮಾವ ತಪ್ಪು ಯಾರದೆಂದು ಕಂಡುಹಿಡಿದರು. ತಪ್ಪು ಕನ್ನಡಿಯದು. ಏಣಿ ತಂದು ದಾರ ಬಿಗಿದು ಅದನ್ನು ಗೋಡೆಗೆ ಅಂಟಿದಂತೆ ನೆಟ್ಟಗೆ ಕೂರಿಸಿದರು. ಈಗ ಒಳಗಿನಿಂದ ನೋಡಿದರೆ ಜಂತಿ ಮಾತ್ರ ಕಾಣುತ್ತಿತ್ತು. ನಾದಿನಿ ನೀರಿನ ಚರಿಗೆ ಹಿಡಿದು ಏಣಿಯ ಕೆಳಗೆ ಬಂದು ನಿಂತಳು.

"ಇನ್ನ ನಿಮಗ ಒಳಗಿಂದ ಏನೂ ಕಾಣೂದಿಲ್ಲ," ಎಂದರು ಮಾವ ಮೇಲಿನಿಂದಲೇ.

"ನೋಡೂದು ನೋಡೇನ್ರಿ ಅಪ್ಪಾ," ಎಂದಳು ಅವಳು. "ಅವ್ವ, ವೈನಿ ಇಬ್ರೂ ಅವನ ತಲಿ ನೋಡಿದ್ರು. ನಾ ನಿಮ್ಮ ಮಾರಿ ನೋಡಿದೆ. ರುಮಾಲಿನ ತುದಿ ಹಿಡ್ಕೊಂಡು ನಗಾಕತ್ತಿದ್ರಿ."

ಮಾವ ಸುಮಾರು ಹೊತ್ತು ಏಣಿಯಿಂದ ಇಳಿಯಲಿಲ್ಲ. ಆ ವರನಿಗಾಗಿ ನಮ್ಮ ಮನೆಗೆ ಮತ್ತೆ ಸಕ್ಕರೆ ಬರಲಿಲ್ಲ.